ಬಾಯಿ ಮುಚ್ಚುವುದೂ ಒಂದು ಕಸುಬು

ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ, 1920ರ ದಶಕದ ಇಟ್ಟಿಗೆ ಕಟ್ಟಡವೊಂದರ ನಾಲ್ಕನೇ ಮಹಡಿ. ಬಾಡಿಗೆಗಿರುವವರು ತುಮಕೂರು ಕಡೆಯವರು. ಮಲಗುವ ಕೋಣೆಯ ಎರಕದ ಕಬ್ಬಿಣದ ರೇಡಿಯೇಟರ್ ಈ ಚಳಿಗಾಲ ಬಿಸಿಯಾಗುತ್ತಲೇ ಇಲ್ಲ. ಆರೋಪಿ, ಅದರ ಪಕ್ಕೆಗೆ ಅಂಟಿಕೊಂಡಿರುವ ಹೆಬ್ಬೆರಳು ಗಾತ್ರದ ಏರ್ ವೆಂಟ್. ಶನಿವಾರ ಅದನ್ನು ಬಿಚ್ಚಿ ಹೊಸದು ಹಾಕುವುದೆಂದು ತೀರ್ಮಾನವಾಗಿದೆ. ಶುಕ್ರವಾರ ರಾತ್ರಿ ನಮ್ಮ ಪ್ರತಿನಿಧಿ ಮಾತಿಗೆಳೆದರು.

ಪ್ರತಿನಿಧಿ: ಕನ್ನಡ ಚೆನ್ನಾಗಿ ಮಾತಾಡುತ್ತೀರಿ!

ವೆಂಟ್: ಇಲ್ಲಿಂದ ಭಾನುವಾರ ಊರಿಗೆ ಫೋನ್ ಹೋಗುತ್ತದೆ, ಸ್ಪೀಕರ್ ಹಾಕಿಕೊಂಡು. ಹೇಮಾವತಿ ನಾಲೆಯಿಂದ ಹಿಡಿದು ನಾದಿನಿಯ ಮದುವೆವರೆಗೆ ಎಲ್ಲ ನನ್ನ ಕಿವಿಗೇ ಬೀಳುತ್ತದೆ. ಚಳಿಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆ ಇಡುವುದೂ ನಮ್ಮ ರೇಡಿಯೇಟರ್ ಪಕ್ಕದಲ್ಲೇ. ಹೋದ ವಾರ ಹಿಟ್ಟು ಹುಳಿ ಬರಲಿಲ್ಲ. ಆಮೇಲೇ ನೋಡಿ, ನನ್ನ ಮೇಲೆ ಇವರ ಕಣ್ಣು ಬಿದ್ದದ್ದು. ಚಳಿಗೆ ಮನುಷ್ಯರು ಸೆಟೆದುಕೊಂಡಾಗ ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ಪ್ರತಿನಿಧಿ: ತಪ್ಪು ನಿಮ್ಮದಲ್ಲವೇ?

ವೆಂಟ್: ನನ್ನ ಬಾಯಿ ಎಲ್ಲಿದೆ, ತೋರಿಸಿ ನೋಡೋಣ. ಕಾಣಿಸುತ್ತಿಲ್ಲ ತಾನೇ? ಹೊಸ ಬಾಡಿಗೆದಾರರು ಬರುವ ಮುಂಚೆ ಪ್ರತಿಸಲವೂ ಮಾಲೀಕರು ಬಣ್ಣ ಹೊಡೆಸುತ್ತಾರೆ. ಗೋಡೆಗೆ ಹೊಡೆದ ಬ್ರಷ್ಷಿನಲ್ಲೇ ನನಗೂ ಒಂದು ಕೈ. ಉಗುರಿನಿಂದ ಕೆರೆದು ನೋಡಿ: ಮೇಲೆ ಬಿಳಿ, ಅದರಡಿ ಕೆನೆ, ಅದರಡಿ ಬೆಳ್ಳಿ ಬಣ್ಣ. ನೆತ್ತಿಯ ಮೇಲಿನ ಸಣ್ಣ ತೂತು ಯಾವ ಪದರಕ್ಕೆ ಮುಚ್ಚಿಹೋಯಿತೋ ನನಗೇ ಗೊತ್ತಿಲ್ಲ. ಅಲಂಕಾರ ಮಾಡಿಯೇ ಉಸಿರು ಕಟ್ಟಿಸಿದರು. ಈಗ ‘ವೆಂಟ್ ಕೆಟ್ಟಿದೆ’ ಅನ್ನುತ್ತಾರೆ.

ಪ್ರತಿನಿಧಿ: ಇಷ್ಟು ಸಣ್ಣ ತೂತಿಗೆ ಇಷ್ಟು ದೊಡ್ಡ ಕಬ್ಬಿಣ ತಣ್ಣಗಾಗುತ್ತದೆಯೇ?

ವೆಂಟ್: ಆಗದೆ ಏನು? ಬಾಯ್ಲರ್ ಆರಿದ್ದಾಗ ರೇಡಿಯೇಟರ್ ತುಂಬ ಗಾಳಿ. ಗಾಳಿ ಹೊರಗೆ ಹೋದರೆ ತಾನೇ ಹಬೆಗೆ ಜಾಗ? ಆ ಗಾಳಿಯನ್ನು ಹೊರಗೆ ಕಳಿಸುವುದು ನಾನು. ನನ್ನೊಳಗೆ ಸೀಲ್ ಮಾಡಿದ ಪುಟ್ಟ ಡಬ್ಬಿಯಿದೆ. ಅದರಲ್ಲಿ ಚೂರು ಆಲ್ಕೋಹಾಲು, ಚೂರು ನೀರು. ಮುಖ ಸಿಂಡರಿಸಬೇಡಿ, ಕೆಲಸಕ್ಕಷ್ಟೇ! ಹಬೆ ನನ್ನನ್ನು ಮುಟ್ಟಿದ ಕೂಡಲೇ ಅದು ಕುದಿದು ಡಬ್ಬಿ ಉಬ್ಬುತ್ತದೆ, ಸೂಜಿ ಮೇಲೆದ್ದು ತೂತು ಮುಚ್ಚುತ್ತದೆ. ಬಿಸಿ ತಟ್ಟಿದ ತಕ್ಷಣ ಬಾಯಿ ಮುಚ್ಚುವುದೇ ನನ್ನ ಕಸುಬು. ಇತ್ತೀಚೆಗೆ ಪತ್ರಿಕೆಯವರೂ ಇದನ್ನು ಕಲಿತಿದ್ದಾರಂತೆ?

ಪ್ರತಿನಿಧಿ: ಮುಂದಿನ ಪ್ರಶ್ನೆ. ನಡುರಾತ್ರಿ ಢಣ್ ಢಣ್ ಎಂದು ಬಡಿಯುವುದು...

ವೆಂಟ್: ಅದು ನಾನಲ್ಲ! ಇದು ಒಂದೇ ಕೊಳವೆಯ ವ್ಯವಸ್ಥೆ. ಹಬೆ ಮೇಲೆ ಬರುವ ದಾರಿಯಲ್ಲೇ ತಣಿದ ನೀರು ಕೆಳಗಿಳಿಯಬೇಕು. ಬಿಸಿ ಹೆಚ್ಚಾದ ಮನೆಯವರು ಶಾಖ ಕಮ್ಮಿ ಮಾಡಲೆಂದು ರೇಡಿಯೇಟರಿನ ವಾಲ್ವನ್ನು ಅರ್ಧ ತಿರುಗಿಸುತ್ತಾರೆ. ನೀರು ಇಳಿಯಲಾಗದೆ ಅಲ್ಲೇ ನಿಲ್ಲುತ್ತದೆ, ಹಬೆ ಅದನ್ನು ಎತ್ತಿ ಬಡಿಯುತ್ತದೆ. ಆ ವಾಲ್ವಿಗೆ ಪೂರ್ತಿ ತೆರೆದಿರುವುದು, ಪೂರ್ತಿ ಮುಚ್ಚಿರುವುದು ಎರಡೇ ಗೊತ್ತು, ರಾಜಿ ಗೊತ್ತಿಲ್ಲ.

ಪ್ರತಿನಿಧಿ: ಇಲ್ಲಿ ಚಳಿ. ಎರಡನೇ ಮಹಡಿಯವರು ಮಾತ್ರ ಜನವರಿಯಲ್ಲೂ ಕಿಟಕಿ ತೆರೆದು ಕೂತಿದ್ದಾರಲ್ಲ?

ವೆಂಟ್: ಅವರ ತಪ್ಪಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಕಿಟಕಿ ತೆರೆದಿಡಿ, ಹೊಸ ಗಾಳಿ ಬರಲಿ ಎಂದು ಆರೋಗ್ಯ ಇಲಾಖೆಯವರು ಹೇಳಿಬಿಟ್ಟರು. ಕಿಟಕಿ ತೆರೆದಿದ್ದರೂ ಮನೆ ಬೆಚ್ಚಗಿರುವ ಲೆಕ್ಕದಲ್ಲಿ ಎಂಜಿನಿಯರುಗಳು ಬಾಯ್ಲರ್, ರೇಡಿಯೇಟರ್ ಕೂರಿಸಿದರು. ಸೋಂಕು ಹೋಯಿತು, ಬಾಯ್ಲರ್‌ನ ಗಾತ್ರ ಉಳಿಯಿತು. ಮೇಲೆ ಸರ್ಕಾರಿ ನಿಯಮ ಬೇರೆ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಹಗಲು ಮನೆಯೊಳಗೆ 68 ಇರಲೇಬೇಕು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹೊರಗೆಷ್ಟೇ ಇರಲಿ, 62. ಕನಿಷ್ಠಕ್ಕೆ ಕಾನೂನಿದೆ. ಗರಿಷ್ಠಕ್ಕೆ ಕಿಟಕಿಯಿದೆ.

ಪ್ರತಿನಿಧಿ: ನಿಮ್ಮ ಜಾಗಕ್ಕೆ ಬರುವವನನ್ನು ನೋಡಿದಿರಾ?

ವೆಂಟ್: ನೋಡಿದೆ, ಮೇಜಿನ ಮೇಲೆ ಫಳಫಳ ಹೊಳೆಯುತ್ತಿದ್ದಾನೆ. ಅಂಗಡಿಯಲ್ಲಿದ್ದದ್ದರಲ್ಲೇ ದೊಡ್ಡ ತೂತಿನವನು. ಬೇಗ ಗಾಳಿ ಬಿಟ್ಟರೆ ಬೇಗ ಬಿಸಿ ಎಂಬುದು ಇವರ ಲೆಕ್ಕ; ನಾಲ್ಕನೇ ಮಹಡಿಗೆ ಅದು ಸರಿಯೂ ಹೌದು. ಆದರೆ ಕಳೆದ ವರ್ಷ ಮೊದಲನೇ ಮಹಡಿಯವರೂ ಇದೇ ಲೆಕ್ಕ ಹಾಕಿದ್ದರು. ಬಾಯ್ಲರ್‌ಗೆ ಹತ್ತಿರವಿದ್ದವರು ನಿಧಾನದ ವೆಂಟ್ ಹಾಕಬೇಕು, ದೂರದವರು ವೇಗದ್ದು. ಹತ್ತಿರದವರೇ ವೇಗದ್ದು ಹಾಕಿದರೆ ಹಬೆಯೆಲ್ಲ ಮೊದಲು ಅಲ್ಲಿಗೇ. ಥರ್ಮೋಸ್ಟಾಟ್ ಇರುವುದೂ ಅದೇ ಮಹಡಿಯಲ್ಲಿ! ಅದು ‘ಮನೆ ಬೆಚ್ಚಗಾಯಿತು’ ಎಂದು ಬಾಯ್ಲರ್ ಆರಿಸುತ್ತದೆ. ನಮಗೆ ಬರುವ ಹಬೆ ದಾರಿಯಲ್ಲೇ ನಿಂತಿತು. ಭಾನುವಾರದ ಫೋನಿನಲ್ಲಿ ಇವರ ಅಪ್ಪ ಗೋಳಾಡುತ್ತಾರಲ್ಲ, ಮೇಲಿನವರು ತೂಬು ಎತ್ತಿಕೊಂಡು ನಾಲೆಯ ಕೊನೇ ಭಾಗಕ್ಕೆ ನೀರೇ ಬರುವುದಿಲ್ಲ ಅಂತ? ಇದೂ ಅದೇ. ಅಪ್ಪನ ಮಾತಿಗೆ ಮಗ ‘ಅನ್ಯಾಯ’ ಅನ್ನುತ್ತಾರೆ. ಫೋನಿಟ್ಟು ದೊಡ್ಡ ತೂತಿನ ವೆಂಟ್ ತರುತ್ತಾರೆ.

ಪ್ರತಿನಿಧಿ: ಹಾಗಾದರೆ ಪರಿಹಾರ?

ವೆಂಟ್: ಬೇಸ್‌ಮೆಂಟಿನಲ್ಲಿ ಮುಖ್ಯ ಕೊಳವೆಯ ತುದಿಗೂ ಒಂದು ದೊಡ್ಡ ವೆಂಟ್ ಇದೆ, ನಮ್ಮೆಲ್ಲರ ಯಜಮಾನ. ಕೊಳವೆಯ ಗಾಳಿಯನ್ನು ಅದು ಹೊರಹಾಕಿದರೆ ಹಬೆ ಎಲ್ಲ ಮಹಡಿಗಳ ಬುಡಕ್ಕೂ ಬೇಗ ತಲುಪುತ್ತದೆ. ಅದು ಕಚ್ಚಿಕೊಂಡು ಎಷ್ಟು ಕಾಲವಾಯಿತೋ! ಅದನ್ನು ಬದಲಿಸಬೇಕಾದವರು ಮಾಲೀಕರು. ನನ್ನನ್ನು ಬದಲಿಸುವುದಕ್ಕೆ ಯಾರಪ್ಪಣೆಯೂ ಬೇಕಾಗಿಲ್ಲ ನೋಡಿ, ಅದಕ್ಕೇ ಪಾನಾ ಸೀದಾ ನನ್ನ ಹತ್ತಿರ ಬಂದಿದೆ.

ಪ್ರತಿನಿಧಿ: ನಾಳೆಗೆ ಏನಾದರೂ ಹೇಳುವುದಿದೆಯೇ?

ವೆಂಟ್: ವಾಲ್ವ್ ಪೂರ್ತಿ ಮುಚ್ಚಿ, ಕಬ್ಬಿಣ ತಣ್ಣಗಾಗುವವರೆಗೆ ಕಾಯಲಿ. ಎಡಕ್ಕೆ ಮೆಲ್ಲಗೆ ತಿರುಗಿಸಲಿ. ಜೋರು ಮಾಡಿದರೆ ನನ್ನ ತಿರುಪು ಮುರಿದು ಒಳಗೇ ಉಳಿಯುತ್ತದೆ, ಆಮೇಲೆ ಪ್ಲಂಬರ್ ಬಿಲ್ ನೋಡಿ ಬೆವರು ಬಂದೀತು, ಅಷ್ಟಾದರೂ ಬಿಸಿ. ಹೊಸಬನ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಲಿ, ತಲೆ ಮೇಲಾಗಿ ನೆಟ್ಟಗೆ ಕೂರಿಸಲಿ. ವಾರೆಯಾಗಿ ಕೂತು ಅವನು ನೀರು ಉಗುಳಿದರೆ ‘ಹಳೆಯದೇ ವಾಸಿಯಿತ್ತು’ ಅನ್ನಬೇಡಿ. ಅಷ್ಟು ಹೊತ್ತಿಗೆ ನಾನು ಕಸದ ಚೀಲದಲ್ಲಿರುತ್ತೇನೆ. ಹಾಂ, ಮುಂದಿನ ಸಲ ಬಣ್ಣದವನು ಬಂದಾಗ ಆ ಹೊಸ ವೆಂಟಿನ ಬಾಯಿಗೆ ಒಂದು ತುಂಡು ಟೇಪ್ ಅಂಟಿಸಿ, ಕೆಲಸ ಮುಗಿದ ಮೇಲೆ ಮರೆಯದೆ ಕೀಳಿ.