ಅಪ್ಪ-ಅಮ್ಮರಹಿತ ಪರಸ್ಥಳ ಪಂದ್ಯಯಾತ್ರೆ: ಒಂದು ಶಾಸ್ತ್ರೀಯ ವಿವೇಚನೆ

ಹದಿಮೂರು ತುಂಬಿದ ಹುಡುಗ ತಾಯಿತಂದೆಯರ ಬೆಂಗಾವಲಿಲ್ಲದೆ ಪರಸ್ಥಳದ ಫುಟ್‌ಬಾಲ್ ಪಂದ್ಯಕ್ಕೆ ಹೋಗಬಹುದೋ ಹೋಗಬಾರದೋ ಎಂಬ ವಿಷಯ ನಮ್ಮ ಮೀಮಾಂಸಕರ ಗಮನಕ್ಕೆ ಬಾರದೇ ಹೋದದ್ದು ಶಾಸ್ತ್ರಪ್ರಪಂಚದ ದೊಡ್ಡ ಲೋಪ. ಯಾಗದ ಸೌಟನ್ನು ಯಾವ ಮರದಲ್ಲಿ ಕೆತ್ತಬೇಕೆಂದು ಪುಟಗಟ್ಟಲೆ ವಾದಿಸಿದ ಆ ಮಹನೀಯರು ಡೊಂಬಿವಲಿಯಿಂದ ಅಂಧೇರಿಗೆ ಮಗನನ್ನು ಒಬ್ಬನೇ ಕಳಿಸುವ ಕುರಿತು ಒಂದು ಸೂತ್ರವನ್ನೂ ಬಿಟ್ಟುಹೋಗಿಲ್ಲ. ಆ ಕೊರತೆ ತುಂಬುವ ಹೊಣೆ ಕಾಲವಶಾತ್ ಮಾನಪಾಡಾ ರಸ್ತೆಯ ಒಂದು ಹೌಸಿಂಗ್ ಸೊಸೈಟಿಯ ಮೂರನೆಯ ಮಹಡಿಯ ಮೇಲೆ ಬಿದ್ದಿದೆ.

ಶಾಸ್ತ್ರಕ್ಕೆ ಅಧಿಕಾರಿ ಯಾರೆಂದು ಮೊದಲೇ ಹೇಳಿಬಿಡುವುದು ಸಂಪ್ರದಾಯ. ಇಲ್ಲಿ ಅಧಿಕಾರಿ ಎಂದರೆ ಎಂಟನೆಯ ತರಗತಿಯ ಹುಡುಗ. ಮನೆಯಲ್ಲಿ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ರೆಫರಿಯನ್ನು ಬಯ್ಯುವಾಗ ಹಿಂದಿ. ಹುಟ್ಟಿದ್ದು ಕಲ್ಯಾಣದ ಆಸ್ಪತ್ರೆಯಲ್ಲಿ, ಬೆಳೆದದ್ದು ಡೊಂಬಿವಲಿಯಲ್ಲಿ, ನಿಷ್ಠೆ ಮಾತ್ರ ಛೇತ್ರಿಯ ಬೆಂಗಳೂರು ಎಫ್‌ಸಿಗೆ. ಇದರಿಂದ ಒಂದು ವಿಚಿತ್ರ ಸ್ಥಿತಿ ಒದಗುತ್ತದೆ. ಅವನ ತಂಡದ ತವರು ಅಂಗಳವಾದ ಕಂಠೀರವ ಕ್ರೀಡಾಂಗಣ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಪರಸ್ಥಳ ಎನ್ನುವುದು ಅಂಧೇರಿಯ ಮುಂಬೈ ಫುಟ್‌ಬಾಲ್ ಅರೀನಾ: ಘಾಟ್‌ಕೋಪರಿನಲ್ಲಿ ಇಳಿದು, 2014ರಿಂದ ಓಡುತ್ತಿರುವ ಮೆಟ್ರೊ ಹಿಡಿದು, ಆಜಾದ್‌ನಗರದಲ್ಲಿ ಇಳಿದರೆ ಮುಂದೆ ಕಾಲುದಾರಿ. ತವರಿಗೆ ಹೋಗಲು ರಿಸರ್ವೇಶನ್ ಬೇಕು, ಪರಸ್ಥಳಕ್ಕೆ ಲೋಕಲ್ಲಿನ ಪಾಸು ಸಾಕು. ಇಂಥ ಅಧಿಕಾರಿಯನ್ನು ಇಂಗ್ಲೆಂಡಿನ ಫುಟ್‌ಬಾಲ್ ಪಂಡಿತರು ಕಂಡಿಲ್ಲ. ಅಲ್ಲಿನ ಪ್ರೀಮಿಯರ್ ಲೀಗ್ 2016ರಿಂದ ಪರಸ್ಥಳದ ಟಿಕೆಟ್ಟಿಗೆ 30 ಪೌಂಡಿನ ಮಿತಿ ಹಾಕಿದೆ, ಅಷ್ಟರಮಟ್ಟಿಗೆ ಅವರ ಚಿಂತೆ ಟಿಕೆಟ್ಟಿನ ದರದ್ದು. ನಮ್ಮದು ಅಮ್ಮನದು.

ಇನ್ನು ವಯೋನಿರ್ಣಯ. ರೈಲ್ವೆಯ ದೃಷ್ಟಿಯಲ್ಲಿ 12 ತುಂಬಿದವನು ಪೂರ್ಣಪುರುಷ. ಐದರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್ಟು, ಆಮೇಲೆ ಇಡೀ ಟಿಕೆಟ್ಟು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ತುಂಬುವ ತನಕ ಅವನು ಮಗು. ಗೇರಿಲ್ಲದ ಸಣ್ಣ ಮೊಪೆಡ್ ಓಡಿಸಲು ಮೋಟಾರು ವಾಹನ ಕಾಯ್ದೆ 16ಕ್ಕೇ ಅನುಮತಿ ಕೊಡುತ್ತದೆ. ಹೀಗೆ ಒಂದೇ ದೇಹದಲ್ಲಿ ಪುರುಷ, ಶಿಶು ಮತ್ತು ಭಾವಿ ಮೊಪೆಡ್ ಸವಾರ ಒಟ್ಟಿಗೆ ವಾಸವಾಗಿದ್ದಾರೆ. ಈ ಪೈಕಿ ಯಾರನ್ನು ಅಂಧೇರಿಗೆ ಕಳಿಸುತ್ತಿದ್ದೇವೆ ಎಂದು ಅಮ್ಮ ಕೇಳಿದ ಪ್ರಶ್ನೆಗೆ ಅಪ್ಪ ಇನ್ನೂ ಉತ್ತರ ಕೊಟ್ಟಿಲ್ಲ.

ಇಲ್ಲೊಂದು ಉಪಸಮಸ್ಯೆ ಇದೆ, ಟೀಕಾಕಾರರು ಇದರಲ್ಲಿ ಬಹಳ ಹೊತ್ತು ಕಳೆದಿದ್ದಾರೆ. ಅಮ್ಮನೇ ಜೊತೆಗೆ ಹೋದಳು ಎಂದಿಟ್ಟುಕೊಳ್ಳಿ. ಸಂಜೆಯ ಲೋಕಲ್ಲಿಗೆ ಅವಳು ಹತ್ತುವುದು ಲೇಡೀಸ್ ಡಬ್ಬಕ್ಕೆ. ಹದಿಮೂರರ ಮಗನಿಗೆ ಅಲ್ಲಿ ಪ್ರವೇಶವಿಲ್ಲ. ಅವನು ಜನರಲ್ ಡಬ್ಬದಲ್ಲಿ, ಬ್ಯಾಗನ್ನು ಎದೆಗೆ ಕಟ್ಟಿಕೊಂಡು, ಯಾರದೋ ಕಂಕುಳಡಿ. ನಡುವೆ ತಗಡಿನ ಗೋಡೆ. ಅಂದಮೇಲೆ ತಾಯಿಯೊಡನೆ ಪ್ರಯಾಣಿಸುವವನೂ ಘಾಟ್‌ಕೋಪರ್ ಬರುವ ತನಕ ತಬ್ಬಲಿಯೇ. ಈ ಒಂದು ಯುಕ್ತಿಯಿಂದಲೇ ವಾದ ಮುಗಿಯಬೇಕಿತ್ತು. ಆದರೆ ಯುಕ್ತಿಯಿಂದ ಮುಗಿದ ವಾದ ನಮ್ಮ ಮನೆಯ ಇತಿಹಾಸದಲ್ಲಿ ಒಂದೂ ಇಲ್ಲ.

ಊರುಗಳನ್ನನುಸರಿಸಿ ಮತಗಳು ಭಿನ್ನವಾಗಿವೆ. ಠಾಣೆಯವರದು ಪ್ರಾಚೀನ ಮತ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ಯಾಸೆಂಜರ್ ರೈಲು ಬೋರಿಬಂದರಿನಿಂದ ಹೊರಟು 34 ಕಿ.ಮೀ. ಓಡಿ ಬಂದದ್ದು ತಮ್ಮಲ್ಲಿಗೇ ಎಂಬ ಹಮ್ಮು ಅವರಿಗಿದೆ. ಅದನ್ನು ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನುಗಳು. ರೈಲನ್ನೇ ಮೂವರು ಪೋಷಕರಿಲ್ಲದೆ ಕಳಿಸದಿದ್ದ ಊರಿಗೆ ಹುಡುಗನನ್ನು ಒಬ್ಬನೇ ಕಳಿಸುವುದೇ ಎಂಬುದು ಅವರ ಆಕ್ಷೇಪ. ಕಲ್ಯಾಣದವರು ಜಂಕ್ಷನ್ನಿನವರಾದ್ದರಿಂದ ಅವರ ಅಭಿಪ್ರಾಯವೂ ಅಲ್ಲೇ ಎರಡಾಗಿ ಸೀಳುತ್ತದೆ. ರಾತ್ರಿ ಮರಳುವಾಗ ನಿದ್ದೆಹೋದ ಹುಡುಗ ಕಸಾರಾದಲ್ಲಿ ಏಳುತ್ತಾನೆಂದು ಒಂದು ಪಂಗಡ, ಕರ್ಜತ್‌ನಲ್ಲಿ ಏಳುತ್ತಾನೆಂದು ಇನ್ನೊಂದು.

ನವಿ ಮುಂಬೈಯದು ಯೋಜಿತ ಮತ. 1970ರಲ್ಲಿ ಹುಟ್ಟಿದ ಸಿಡ್ಕೊ ನಕ್ಷೆ ಬರೆದು ಕಟ್ಟಿದ ಊರು, ಅಲ್ಲಿ ಚಿಂತೆಗೂ ಸೆಕ್ಟರ್ ನಂಬರಿದೆ. ಪಂದ್ಯಕ್ಕೆ ನಾವೇಕೆ ಹೋಗಬೇಕು, ಪಂದ್ಯವೇ ನೆರೂಳಿಗೆ ಬರುತ್ತದಲ್ಲ ಎಂಬುದು ಅವರ ವಾದ. ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ 2017ರಲ್ಲಿ 17 ವಯಸ್ಸಿನೊಳಗಿನವರ ವಿಶ್ವಕಪ್ ಬಂತು, 2022ರಲ್ಲಿ ಹುಡುಗಿಯರ ವಿಶ್ವಕಪ್ಪಿನ ಫೈನಲ್ಲೂ ಬಂತು, ಸ್ಪೇನ್ ಕೊಲಂಬಿಯಾವನ್ನು 1-0ರಿಂದ ಸೋಲಿಸಿತು. ವಾದ ಗಟ್ಟಿಯಾಗಿಯೇ ಇದೆ. ಆದರೆ 2017ರಲ್ಲಿ ಅಲ್ಲಿ ಆಡಲು ಬಂದವರು ಯಾರು? ಮಾಲಿ, ಪರಾಗ್ವೆ, ಟರ್ಕಿ, ನ್ಯೂಜಿಲೆಂಡಿನ ಹದಿನೇಳು ದಾಟದ ಹುಡುಗರು. ಅವರಿಗೆ ನೆರೂಳು ಎಂಥ ಪರಸ್ಥಳ! ಅದೇ ಟೂರ್ನಿಯಲ್ಲಿ ದಿಲ್ಲಿಯಲ್ಲಿ ಕೊಲಂಬಿಯಾದ ಎದುರು ಜೀಕ್ಸನ್ ಸಿಂಗ್ ತಲೆಯಿಂದ ಬಡಿದ ಗೋಲು ಭಾರತ ಫಿಫಾ ವಿಶ್ವಕಪ್ಪಿನಲ್ಲಿ ಕಂಡ ಮೊದಲ ಗೋಲು. ಆ ಕಾರ್ನರ್ ಒದ್ದವನು ಬೆಂಗಳೂರಿನ ಸಂಜೀವ್ ಸ್ಟಾಲಿನ್, ಚಿಕ್ಕಂದಿನಲ್ಲೇ ಮನೆ ಬಿಟ್ಟು ಚಂಡೀಗಢದ ಅಕಾಡೆಮಿ ಸೇರಿದ್ದವನು. ಅವರಮ್ಮನೂ ಘಾಟ್‌ಕೋಪರ್ ತನಕ ಬರುತ್ತೇನೆಂದು ಹಟ ಹಿಡಿದಿದ್ದರೆ ಆ ಕಾರ್ನರ್ ಯಾರು ಒದೆಯುತ್ತಿದ್ದರು?

ಡೊಂಬಿವಲಿಯ ಮತವೇ ಪ್ರಕೃತ ಸಿದ್ಧಾಂತವಾದ್ದರಿಂದ ಅದನ್ನು ಪ್ರಮಾಣಗಳಿಂದ ಪರೀಕ್ಷಿಸೋಣ. ಪ್ರತ್ಯಕ್ಷ: ಹುಡುಗ ಕಣ್ಣೆದುರಿದ್ದಾನೆ, ಜರ್ಸಿ ತೊಟ್ಟಿದ್ದಾನೆ, ಶೂ ಲೇಸು ಬಿಚ್ಚಿಕೊಂಡಿದೆ. ಅನುಮಾನ: ಲೇಸು ಕಟ್ಟಲು ಬಾರದವನು ದಾದರ್ ಕಡೆಯ ಗಾಡಿ, ಕಲ್ಯಾಣ ಕಡೆಯ ಗಾಡಿ ಎಂದು ಗುರುತಿಸಲಾರ. ಆರನೆಯ ಪ್ರಮಾಣವಾದ ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ವೇದಾಂತಿಗಳು ಮಡಕೆಯ ಅಭಾವ ತಿಳಿಯಲು ಬಳಸಿದರು. ನಮ್ಮಲ್ಲಿ ಅದರ ಬಳಕೆ ದಿನನಿತ್ಯದ್ದು. ಫೋನ್ ಮಾಡಿದಾಗ ‘ನೀವು ಕರೆ ಮಾಡಿದ ಚಂದಾದಾರರು ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದರೆ ತಾರ್ಕಿಕ ಅದರಿಂದ ಬ್ಯಾಟರಿಯ ಅಭಾವವನ್ನಷ್ಟೇ ಸಾಧಿಸಬಲ್ಲ, ತಾಯಿ ಮಗನ ಅಭಾವವನ್ನೇ ಸಾಧಿಸುತ್ತಾಳೆ. ಎರಡೂ ಒಂದೇ ಕರೆಯಿಂದ.

ಎದುರಾಳಿ ಅಭಿಮಾನಿಗಳಿಂದ ಅಪಾಯವಿದೆಯೇ? ಬೆಂಗಳೂರಿನ ಜರ್ಸಿ ಕಡುನೀಲಿ, ಮುಂಬೈ ಸಿಟಿಯದು ಆಕಾಶನೀಲಿ. ನಮ್ಮ ವಾಷಿಂಗ್ ಮಷಿನ್ನಿನಲ್ಲಿ ಎರಡು ವರ್ಷ ತಿರುಗಿದ ಬೆಂಗಳೂರಿನ ಜರ್ಸಿ ತಾನಾಗಿಯೇ ಮುಂಬೈಯದಾಗಿದೆ. ಕಾಲರಿನ ಒಳಗಡೆ ಮಾತ್ರ ಹಳೆಯ ನಿಷ್ಠೆ ಉಳಿದಿದೆ. ಇನ್ನು ರಾಹುಲ್ ಭೇಕೆಯ ಉದಾಹರಣೆ ನೋಡಿ. ಮುಂಬೈಯ ಹುಡುಗ, 2019ರ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಫೈನಲ್ಲಿನಲ್ಲಿ ಇದೇ ಅಂಧೇರಿಯಲ್ಲಿ ಗೋವಾ ವಿರುದ್ಧ ಗೋಲು ಹೊಡೆದು ಬೆಂಗಳೂರಿಗೆ ಕಪ್ ಗೆದ್ದುಕೊಟ್ಟ, ಆಮೇಲೆ ಮುಂಬೈ ಸಿಟಿಗೆ ಹೋದ, ಮತ್ತೆ ಬೆಂಗಳೂರಿಗೆ ಬಂದ. ನಿಲ್ದಾಣದ ತೊಂದರೆಯಿಲ್ಲದೆ ಆಚೆಈಚೆ ಓಡಾಡುವ ಇಂಥವರಿರುವಾಗ ಯಾರು ಯಾರನ್ನು ಹೊಡೆಯುವುದು?

ಪಂದ್ಯ ಬಿಟ್ಟು ಕ್ಲಾಸಿಗೆ ಬರೋಣ. ಇದೇ ಹುಡುಗ ವಾರಕ್ಕೆ ನಾಲ್ಕು ದಿನ ಠಾಣೆಗೆ ಐಐಟಿ ಫೌಂಡೇಶನ್ ಕ್ಲಾಸಿಗೆ ಹೋಗುತ್ತಾನೆ. ಒಬ್ಬನೇ. ಮರಳುವುದು ರಾತ್ರಿ, ಇಡೀ ಮಹಾನಗರ ಮನೆಗೆ ತಿರುಗುವ ಹೊತ್ತಿಗೆ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ನಿಂತರೆ ಬಾಗಿಲು ಎದುರಾಗುತ್ತದೆ, ಡೊಂಬಿವಲಿಯಲ್ಲಿ ಇಳಿಯಬೇಕಾದರೆ ಯಾವಾಗ ಎದ್ದು ಬಾಗಿಲ ಕಡೆ ಸರಿಯಬೇಕು, ಬದಲಾಪುರ ಫಾಸ್ಟಿಗೆ ಹತ್ತಿದರೆ ಯಾರು ಬಯ್ಯುತ್ತಾರೆ ಎಂಬುದೆಲ್ಲ ಅವನಿಗೆ ಬೀಜಗಣಿತಕ್ಕಿಂತ ಚೆನ್ನಾಗಿ ಗೊತ್ತು. ಬೆಳಿಗ್ಗೆ ಸೀಟು ಬೇಕಾದರೆ ಉಲ್ಟಾ ಕಲ್ಯಾಣಕ್ಕೆ ಹೋಗಿ ಅದೇ ಗಾಡಿಯಲ್ಲಿ ಕುಳಿತುಕೊಂಡೇ ಬರುವ ಡೊಂಬಿವಲಿ ವಿದ್ಯೆಯನ್ನೂ ಕಲಿತಿದ್ದಾನೆ. ಕ್ಲಾಸಿಗೆ ಅವನನ್ನು ಕಳಿಸುವಾಗ ಸಭೆ ಸೇರಲಿಲ್ಲ, ಪ್ರಮಾಣಗಳನ್ನು ಕರೆಯಲಿಲ್ಲ, ಫೀಸು ಕಟ್ಟಿದ ರಸೀದಿ ಒಂದೇ ಸಾಕಾಯಿತು. ಅಂದರೆ ಕೈಯಲ್ಲಿ ಗಣಿತದ ಪುಸ್ತಕವಿರುವ ತನಕ ಅವನು ದೊಡ್ಡವನು, ಟಿಕೆಟ್ ಹಿಡಿದ ಕ್ಷಣ ಹಾಲುಗಲ್ಲದ ಕಂದ.

ಇಲ್ಲಿ ಅಪ್ಪ ಚಿನ್ನಸ್ವಾಮಿಯ ಮಾತು ತೆಗೆದರು. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ದಿನ ಕ್ರೀಡಾಂಗಣದ ಗೇಟಿನ ಬಳಿ 11 ಜನ ತೀರಿಕೊಂಡರು, ಶಾಲೆಗೆ ಹೋಗುವ ವಯಸ್ಸಿನವರೂ ಅವರಲ್ಲಿದ್ದರು. ಈ ಮಾತಿಗೆ ಶಾಸ್ತ್ರದಲ್ಲಿ ಪ್ರತ್ಯುತ್ತರವಿಲ್ಲ, ಇರಲೂಬಾರದು. ಆದರೆ ಐದು ದಿನ ಬಿಟ್ಟು, ಜೂನ್ 9ರ ಬೆಳಿಗ್ಗೆ, ಮುಂಬ್ರಾದ ತಿರುವಿನಲ್ಲಿ ತುಂಬಿದ ಲೋಕಲ್‌ಗಳ ಬಾಗಿಲಿಗೆ ನೇತುಬಿದ್ದವರು ಹಳಿಗೆ ಉರುಳಿ ಸತ್ತರು. ಕೆಲಸಕ್ಕೆ ಹೊರಟವರು. ಕ್ಲಾಸಿನ ದಾರಿ ಹೋಗುವುದು ಅದೇ ತಿರುವಿನಲ್ಲಿ. ಆ ವಾರ ಮನೆಯಲ್ಲಿ ಫುಟ್‌ಬಾಲ್ ನಿಷೇಧವಾಯಿತು, ಕ್ಲಾಸು ಮುಂದುವರಿಯಿತು. ಮುಂದಿನ ತಿಂಗಳು ಫೆಡರೇಶನ್ನಿಗೂ ಲೀಗ್ ನಡೆಸುವವರಿಗೂ ಒಪ್ಪಂದ ಕುದುರದೆ ಐಎಸ್‌ಎಲ್ ಸೀಸನ್ನೇ ತಡೆಹಿಡಿಯಲ್ಪಟ್ಟಾಗ, ಭಾರತೀಯ ಫುಟ್‌ಬಾಲಿನ ಆ ದುರ್ದಿನದಲ್ಲಿ ನೆಮ್ಮದಿಯ ನಿಟ್ಟುಸಿರು ಬಿಟ್ಟ ಒಂದೇ ಮನೆ ನಮ್ಮದಿರಬೇಕು.

ಶಬ್ದಪ್ರಮಾಣಕ್ಕೆ ಅಜ್ಜ ಇದ್ದಾರೆ. ಕುಂದಾಪುರದ ಕಡೆಯಿಂದ ಇವನದೇ ವಯಸ್ಸಿನಲ್ಲಿ, ಬಸ್ಸು ರೈಲು ಬದಲಿಸುತ್ತ, ಒಬ್ಬರೇ ಮುಂಬೈಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದವರು. ಕೊಂಕಣ ರೈಲು ಊರಿನ ತನಕ ಬರಲು ಇನ್ನೂ ನಾಲ್ಕು ದಶಕ ಇದ್ದ ಕಾಲ. ಅಂಥ ಹುಡುಗರ ಸಂಖ್ಯೆ ಎಷ್ಟಿತ್ತೆಂದರೆ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ಇಂಥವರಿಗಾಗಿ ರಾತ್ರಿಶಾಲೆ ತೆರೆದಿತ್ತು. ಬಾಲಪ್ರಯಾಣದ ಇಂಥ ಪ್ರತ್ಯಕ್ಷಸಾಕ್ಷಿ ಹುಡುಗನ ಪಕ್ಷ ಹಿಡಿಯುತ್ತಾರೆಂದು ಎಲ್ಲರೂ ಎಣಿಸಿದ್ದೆವು. ಕಡುವಿರೋಧ ಅವರದೇ. “ಒಬ್ಬನೇ ಬಂದವನು ನಾನು, ನಿಮಗೇನು ಗೊತ್ತು?” ಎಂದರು. ಅವರೇ ಇಡೀ ರಾತ್ರಿಯ ಯಕ್ಷಗಾನಕ್ಕೆ ಮೊಮ್ಮಗನನ್ನು ಕೂರಿಸಿಕೊಂಡು ಬೆಳಗಿನ ಜಾವ ಕರೆತಂದದ್ದನ್ನು ನೆನಪಿಸಿದರೆ, ಅದು ಕುಟುಂಬಸಮೇತ ನೋಡುವಂಥದ್ದು, ಇದರಲ್ಲಿ ಭಾಗವತರೇ ಇಲ್ಲವಲ್ಲ ಎಂಬ ಉತ್ತರ.

ವಾಸ್ತವದಲ್ಲಿ ಪೋಷಕರಹಿತ ಯಾತ್ರೆ ಎಂಬುದೇ ಅಸಂಭವ ಎನ್ನುವ ಸೂಕ್ಷ್ಮಶರೀರವಾದಿಗಳೂ ಇದ್ದಾರೆ. ಟಿಕೆಟ್ ಕೊಳ್ಳುವಾಗ ಓಟಿಪಿ ಬರುವುದು ಅಪ್ಪನ ಮೊಬೈಲಿಗೆ. ಮೆಟ್ರೊ ಕ್ಯೂಆರ್ ಅಮ್ಮನ ವಾಟ್ಸಾಪಿನಿಂದ. ಲೈವ್ ಲೊಕೇಶನ್ನಿನ ನೀಲಿ ಚುಕ್ಕೆ ವಿಕ್ರೋಲಿಯಲ್ಲಿ ಎರಡು ನಿಮಿಷ ನಿಂತರೆ ಡೊಂಬಿವಲಿಯಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಸ್ಥೂಲದೇಹ ಸೋಫಾದ ಮೇಲಿದ್ದರೂ ಸೂಕ್ಷ್ಮದಿಂದ ಇಬ್ಬರೂ ಈಸ್ಟ್ ಸ್ಟ್ಯಾಂಡಿನ ಸಾಲಿನಲ್ಲಿ ಕುಳಿತೇ ಇರುತ್ತಾರೆ, ಅದೂ ಟಿಕೆಟ್ಟಿಲ್ಲದೆ.

ಮನೆಯ ನಿಯಮವೇನೋ ರಚನೆಯಾಯಿತು: ಹತ್ತು ಗಂಟೆಗೆ ಮೆಟ್ರೊದಲ್ಲಿರಬೇಕು, ಭಾನುವಾರ ಮೆಗಾಬ್ಲಾಕ್ ಇದ್ದರೆ ಫುಟ್‌ಬಾಲ್ ಇಲ್ಲ, ಬಾಗಿಲಲ್ಲಿ ನಿಲ್ಲುವಂತಿಲ್ಲ. ಭೇಕೆ ಆ ಗೋಲು ಹೊಡೆದದ್ದು 117ನೆಯ ನಿಮಿಷದಲ್ಲಿ ಎಂಬ ಅಂಶವನ್ನು ಹುಡುಗ ಆಗ ಪ್ರಸ್ತಾಪಿಸಲಿಲ್ಲ. ಶಾಸ್ತ್ರಕಾರರಾದ ನಾವು ಪ್ರಸ್ತಾಪಿಸಬೇಕಿತ್ತು, ಆದರೆ ನಮಗೂ ಪಂದ್ಯ ನೋಡಬೇಕಿತ್ತು.

ಕೊನೆಗೆ ಪ್ರಯೋಗಭಾಗ, ಈ ನಿಯಮಕ್ಕಿಂತ ಹಿಂದಿನದು. 2023ರ ಮಾರ್ಚ್ 7ರ ಸೆಮಿಫೈನಲ್ ಮೊದಲ ಲೆಗ್, ಮುಂಬೈ ಸಿಟಿ ವಿರುದ್ಧ ಬೆಂಗಳೂರು, ಅಂಧೇರಿಯಲ್ಲಿ. ಬಿಲ್ಡಿಂಗಿನ ದೊಡ್ಡ ಹುಡುಗರು ತಾವೇ ಹೋಗುವುದೆಂದು ಆಗ ತೀರ್ಮಾನವಾಗಿತ್ತು, ತಂದೆಯರು ಮನೆಯಲ್ಲೇ ಇರುವುದೆಂದೂ ಆಗಿತ್ತು. ಗೇಟಿನ ಹೊರಗಿನ ಚಹಾದ ಗಾಡಿಯ ಬಳಿ ಈ ಗ್ರಂಥಕಾರ ನೋಡಿದಂತೆ ಮೂವರು ತಂದೆಯರು ನಿಂತಿದ್ದರು: ಒಬ್ಬ ಠಾಣೆಯವ, ಒಬ್ಬ ಕಲ್ಯಾಣದವ, ಇನ್ನೊಬ್ಬರ ಹೆಸರು ಬೇಡ. ಒಳಗೆ ಹೋಗಲು ಟಿಕೆಟ್ಟಿಲ್ಲ, ಮನೆಗೆ ಹೋಗಲು ಮನಸ್ಸಿಲ್ಲ. 78ನೆಯ ನಿಮಿಷದ ಸುಮಾರಿಗೆ ಒಳಗಿನ ಗದ್ದಲ ಒಮ್ಮೆಲೇ ಕತ್ತರಿಸಿದಂತೆ ನಿಂತು, ಒಂದು ಮೂಲೆಯಿಂದ ಮಾತ್ರ ಸಣ್ಣ ಕೂಗು ಕೇಳಿಸಿತು. ಘೋಷ ಇಲ್ಲದಿರುವಿಕೆಯಿಂದ ಬೆಂಗಳೂರಿನ ಗೋಲು ಸಿದ್ಧವಾಗುತ್ತದೆಂದು ನಾವು ಅನುಪಲಬ್ಧಿಯಿಂದ ಸಾಧಿಸಿದೆವು. ಠಾಣೆಯವನು ಒಪ್ಪಲಿಲ್ಲ, ಯಾರಿಗೋ ಪೆಟ್ಟಾಗಿರಬೇಕು ಎಂದ. ಕಲ್ಯಾಣದವನಿಗೆ ಎರಡೂ ಸಾಧ್ಯವೆನಿಸಿತು. ಹುಡುಗರಿಗೆ ಮೆಸೇಜ್ ಮಾಡಿ ಕೇಳಬಹುದಿತ್ತು, ಆದರೆ ಕೇಳಿದರೆ ನಾವು ಎಲ್ಲಿದ್ದೇವೆಂದು ಗೊತ್ತಾಗುತ್ತದೆ. ಚಹಾದವನು ಮೊಬೈಲ್ ನೋಡಿ “ಛೇತ್ರಿ” ಎಂದು ಹೇಳಿ, ಮೂರು ಕಟಿಂಗಿನ ದುಡ್ಡು ಕೇಳಿದ.