ಜಗಲಿ ಇರುವಾಗ ಸೋಫಾ ಏಕೆ?

ದಿಂಡಿಗಲ್ಲಿನಿಂದ ಮಧುರೈಗೆ ಹೋಗುವ ದಾರಿಯ ಚಿನ್ನಾಳಪಟ್ಟಿಯಲ್ಲಿ ಸೀರೆಗೆ ಅಂಗಡಿಯೇ ಬೇಕೆಂದಿಲ್ಲ. ನೇಕಾರರ ಮನೆಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ವ್ಯಾಪಾರ ಶುರು. ಕನ್ನಡ ಮನೆಮಾತಿನ ಈ ದೇವಾಂಗ ನೇಕಾರರ ಮನೆಯಲ್ಲಿ ಗಿರಾಕಿಗೆ ಜಗಲಿಯೇ ವೇಟಿಂಗ್ ರೂಮು.

ನೇಕಾರರ ಈಗಿನ ಮಕ್ಕಳಿಗೆ ಅದು ಸಾಲದು. ಸೋಫಾ ಬೇಕಂತೆ, ಎದುರಿಗೆ ಟಿವಿಯೂ ಬೇಕಂತೆ. ಬೇಡ್ರಪ್ಪಾ! ಧಾರಾವಾಹಿಯ ಅತ್ತೆ ಹಾಲಿಗೆ ವಿಷ ಬೆರೆಸುವ ಹೊತ್ತಿಗೆ ನೀವು ಸೀರೆ ಬಿಚ್ಚಿ ಹಿಡಿದರೆ, "ಸ್ವಲ್ಪ ಆಚೆ ಸರಿಯಮ್ಮಾ, ಕಾಣಿಸ್ತಿಲ್ಲ" ಅಂತಾರೆ ಗಿರಾಕಿ. ಮೆತ್ತನೆ ಸೋಫಾ ಇನ್ನೂ ಅಪಾಯ. ಹೆಂಡತಿ ಸುಂಗುಡಿ ಸೀರೆಯ ಚುಕ್ಕಿ ನೋಡಿ ಮುಗಿಸುವಷ್ಟರಲ್ಲಿ ಗಂಡನ ಗೊರಕೆ ಮಗ್ಗದ ಸದ್ದನ್ನೂ ಮೀರಿಸಿರುತ್ತದೆ; ದುಡ್ಡಿನ ಪರ್ಸು ಅವನ ಜೇಬಿನಲ್ಲೇ ಇರುತ್ತದಲ್ಲ!

ಒಂದು ಫ್ಯಾನು, ತಣ್ಣೀರು, ಬಿಸಿ ಕಾಫಿ, ಫೋನಿಗೆ ಚಾರ್ಜರು: ಇಷ್ಟು ಸಾಕು. ಗಿರಾಕಿಯ ಮಕ್ಕಳ ಕೈಗೆ ಕಂಬಂನ ಪನ್ನೀರ್ ದ್ರಾಕ್ಷಿ ಕೊಡಿ, ಆದರೆ ಬಿಳಿ ಸೀರೆಗಳನ್ನು ಮೊದಲು ಒಳಗಿಡಿ.

ಕೊನೆಗೊಂದು ಬಿನ್ನಹ. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಸಂತೋಷ. ಅದನ್ನು ದಯವಿಟ್ಟು ಶೌಚಾಲಯದ ಬಾಗಿಲಿಗೆ ಜಡಿಯಬೇಡಿ. ಗಿರಾಕಿ ದೂರದಿಂದ ಬಸ್ಸಿನಲ್ಲಿ ಬಂದಿರುತ್ತಾರೆ.