ಸಮೀಕ್ಷಾಹ್ವಾನ ಮೀಮಾಂಸೆ: ಐಸಿಯು ಕಾಂಡ

ತೀವ್ರ ನಿಗಾ ಘಟಕದ ಸಿಬ್ಬಂದಿಗೆ ಸಂಶೋಧಕರು ಕಳುಹಿಸುವ ಸಮೀಕ್ಷಾ ಆಹ್ವಾನವು ಒಂದು ಸ್ವತಂತ್ರ ಸಾಹಿತ್ಯ ಪ್ರಕಾರವೆಂಬ ಸಂಗತಿ ನಮ್ಮ ಆಲಂಕಾರಿಕರ ಕಣ್ಣಿಗೆ ಇನ್ನೂ ಬಿದ್ದಂತಿಲ್ಲ. ಅದಕ್ಕೆ ನಿಯತವಾದ ಅಂಗಗಳಿವೆ. ಮೊದಲು ಸಂಬೋಧನೆ: ‘ಮಾನ್ಯ ಸಹೋದ್ಯೋಗಿಗಳೇ’ (ಬರೆದವರು ಓದುವವರ ಮುಖವನ್ನೇ ನೋಡಿರುವುದಿಲ್ಲ). ಬಳಿಕ ಸ್ತುತಿ: ತಮ್ಮ ಅಮೂಲ್ಯ ಅನುಭವವಿಲ್ಲದೆ ಈ ಅಧ್ಯಯನ ಅಪೂರ್ಣ. ಅನಂತರ ಕಾಲನಿರ್ಣಯ: ಬರೀ ಹತ್ತು ನಿಮಿಷ. ಕೊನೆಗೆ ಫಲಶ್ರುತಿ: ಭಾಗವಹಿಸಿದವರಿಗೆ ಇ-ಪ್ರಮಾಣಪತ್ರ. ಎರಡು ವಾರ ಕಳೆದರೆ ನೆನಪೋಲೆ, ಮತ್ತೆ ‘ಕೊನೆಯ ನೆನಪೋಲೆ’, ಅದರ ಹಿಂದೆಯೇ ‘ಅವಧಿ ವಿಸ್ತರಿಸಲಾಗಿದೆ’ ಎಂಬ ಉತ್ತರಕಾಂಡ. ಇಷ್ಟೆಲ್ಲ ಆದರೂ ಬಹುಪಾಲು ಮಂದಿ ಉತ್ತರಿಸುವುದಿಲ್ಲ. ಸಂಶೋಧಕರು ಇದನ್ನು ದೋಷವೆಂದು ಬಗೆದು ಪ್ರಬಂಧದ ಕಟ್ಟಕಡೆಗೆ, ‘ಮಿತಿಗಳು’ ಎಂಬ ಮೂಲೆಯಲ್ಲಿ ಒಂದೂವರೆ ಸಾಲಿನ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾರೆ. ಉತ್ತರಿಸದವರೇ ಸಮೀಕ್ಷೆಗೆ ದಿಟವಾದ ಉತ್ತರ ಕೊಟ್ಟವರು ಎಂಬುದು ನಮ್ಮ ಸಿದ್ಧಾಂತ.

ಇದಕ್ಕೆ ಪ್ರಮಾಣವೇನು ಎಂದು ನೈಯಾಯಿಕರು ಕೇಳಿಯೇ ಕೇಳುತ್ತಾರೆ. ಅವರ ಲೆಕ್ಕದಲ್ಲಿ ಪ್ರಮಾಣಗಳು ನಾಲ್ಕೇ. ಆದರೆ ಕುಮಾರಿಲ ಭಟ್ಟನ ಹಾದಿಯ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ ಎಂಬ ಆರನೆಯದನ್ನೂ ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ; ಆ ಕಾಣದಿರುವಿಕೆಯಿಂದಲೇ ಗಡಿಗೆ ಇಲ್ಲವೆಂಬ ಅರಿವು ಹುಟ್ಟುತ್ತದೆ. ಹಾಗೆಯೇ ಉತ್ತರ ಕಾಣುತ್ತಿಲ್ಲ, ಆದ್ದರಿಂದ ಬಿಡುವಿಲ್ಲ. ಬಿಡುವಿಲ್ಲದ ಕಡೆ ಏನು ನಡೆಯುತ್ತಿರುತ್ತದೆ ಎಂಬುದನ್ನಷ್ಟೇ ಇನ್ನು ನೋಡಬೇಕು.

ರಾತ್ರಿ ಪಾಳಿಯ ಎರಡೂವರೆ ಗಂಟೆ ಎಂದುಕೊಳ್ಳಿ. ನಾರ್‌ಅಡ್ರಿನಲಿನ್ ಸಿರಿಂಜು ಖಾಲಿಯಾಗುತ್ತ ಬಂದಿದೆಯೆಂದು ಪಂಪು ಕೂಗುತ್ತಿದೆ. ಬದಲಿಸುವ ಹೊತ್ತಿಗೆ ಬಿ.ಪಿ. ಕುಸಿಯಬಾರದಲ್ಲ, ಅದಕ್ಕೆ ಎರಡನೆಯ ಪಂಪನ್ನು ಮೊದಲೇ ಜೋಡಿಸಿ ಓಡಿಸಿಕೊಂಡಿರಬೇಕು. ಆಚೆ ಹಾಸಿಗೆಯ ವೆಂಟಿಲೇಟರು ಒತ್ತಡ ಏರಿದೆಯೆಂದು ಕೆಂಪು ದೀಪ ತೋರಿಸುತ್ತಿದೆ. ಟ್ಯೂಬಿನಲ್ಲಿ ಕಫ ಕಟ್ಟಿದೆಯೋ, ರೋಗಿ ಟ್ಯೂಬನ್ನೇ ಕಚ್ಚಿ ಹಿಡಿದಿದ್ದಾನೋ, ಹೋಗಿ ನೋಡದೆ ತಿಳಿಯದು. ಆಗ ಕಿಸೆಯಲ್ಲಿ ಫೋನು ನಡುಗುತ್ತದೆ: ‘ನಿಮ್ಮ ಘಟಕದಲ್ಲಿ ಅಲಾರಂಗಳಿಂದ ಬಳಲಿಕೆಯಾಗುತ್ತಿದೆಯೇ? 1ರಿಂದ 5ರವರೆಗಿನ ಮಾಪನದಲ್ಲಿ ಗುರುತಿಸಿ.’ ಗ್ಲೌಸಿನ ಬೆರಳಿಗೆ ಫೋನು ಬಗ್ಗದು, ಮಾಸ್ಕಿನ ಮುಖವನ್ನು ಅದು ಗುರುತಿಸದು. ನರ್ಸ್ ಉತ್ತರಿಸುವುದಿಲ್ಲ. ಆ ಮೌನವನ್ನು 5 ಎಂದು ಓದಿಕೊಳ್ಳಲಾರದ ಸಂಶೋಧಕನಿಗೆ ಯಾವ ಸಾಫ್ಟ್‌ವೇರು ತಾನೇ ಏನು ಮಾಡೀತು?

ಪೂರ್ವಪಕ್ಷದವರು ಹೇಳುವುದಿದು: ಎಲ್ಲರೂ ಉತ್ತರಿಸಬೇಕಿಲ್ಲ, ಸಾಕಷ್ಟು ಜನ ಉತ್ತರಿಸಿದರೆ ಸಾಕು. ಈ ‘ಸಾಕಷ್ಟು’ ಎಂಬುದರ ಗತಿ ಏನಾಯಿತೆಂದು 1936ರ ಅಧ್ಯಕ್ಷ ಚುನಾವಣೆಯಲ್ಲಿ ಅಮೆರಿಕ ಕಂಡಿದೆ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮತಕಾರ್ಡುಗಳನ್ನು ಅಂಚೆಗೆ ಹಾಕಿತು. 20 ಲಕ್ಷಕ್ಕೂ ಮಿಕ್ಕಿ ಮರಳಿ ಬಂದವು. ಅವುಗಳ ಬಲದ ಮೇಲೆ ಪತ್ರಿಕೆ ಅಭ್ಯರ್ಥಿ ಲ್ಯಾಂಡನ್‌ಗೆ ಪಟ್ಟ ಕಟ್ಟಿತು. ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಮರಳಿ ಬರೆಯುವ ಹುರುಪು ಯಾರಿಗಿತ್ತೋ ಅವರ ಮನಸ್ಸು ಗೊತ್ತಾಯಿತೇ ಹೊರತು ದೇಶದ್ದಲ್ಲ.

ವೈದ್ಯರು ಮತದಾರರಲ್ಲ, ವಿಜ್ಞಾನ ಓದಿದವರು, ಕೇಳಿದ್ದಕ್ಕೆ ಸರಿಯಾಗಿ ಹೇಳುತ್ತಾರೆ ಎಂಬ ಇನ್ನೊಂದು ಆಕ್ಷೇಪವಿದೆ. ಇದಕ್ಕೆ ಜರ್ಮನಿ ಉತ್ತರಿಸಲಿ. ಶ್ವಾಸಕೋಶ ತೀವ್ರವಾಗಿ ಘಾಸಿಗೊಂಡವರಿಗೆ ವೆಂಟಿಲೇಟರು ಪ್ರತಿ ಉಸಿರಿಗೆ, ಎತ್ತರಕ್ಕೆ ತಕ್ಕ ತೂಕದ ಒಂದು ಕಿಲೋಗೆ, 6 ಮಿಲಿಲೀಟರಿನ ಆಸುಪಾಸು ಗಾಳಿ ಕೊಟ್ಟರೆ ಹೆಚ್ಚು ಜನ ಬದುಕುತ್ತಾರೆಂದು 2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿತ್ತು: 12 ಮಿಲಿಲೀಟರಿನ ಗುಂಪಿನಲ್ಲಿ ಸಾವು ಶೇ. 39.8, 6ರ ಗುಂಪಿನಲ್ಲಿ ಶೇ. 31. ಇದನ್ನು ಪಾಲಿಸುತ್ತಿದ್ದೀರಾ ಎಂದು ಜರ್ಮನಿಯ ಐಸಿಯು ಮುಖ್ಯಸ್ಥರನ್ನು ಕೇಳಿದರೆ ಶೇ. 80ರಷ್ಟು ಮಂದಿ ಹೌದೆಂದರು. ಸಂಶೋಧಕರು ಹಾಸಿಗೆಯ ಪಕ್ಕಕ್ಕೇ ಹೋಗಿ ನೋಡಿದಾಗ ಅಂಥ ರೋಗಿಗಳಲ್ಲಿ ಆ ಅಳತೆಯ ಗಾಳಿ ಸಿಗುತ್ತಿದ್ದದ್ದು ಶೇ. 2.6 ಮಂದಿಗೆ. 2008ರಲ್ಲಿ ಅಚ್ಚಾದ ಈ ವರದಿಯಲ್ಲಿ ಸುಳ್ಳುಗಾರರು ಯಾರೂ ಇಲ್ಲವೆಂಬುದೇ ಅದರ ಸೊಗಸು. ಪ್ರಶ್ನೆ ಹೋದದ್ದು ಕುರ್ಚಿಗೆ, ವೆಂಟಿಲೇಟರಿನ ಗುಂಡಿ ಇದ್ದದ್ದು ಬೇರೆಯವರ ಕೈಯಲ್ಲಿ.

ಆಮಿಷವೊಡ್ಡಿ ಮೌನ ಮುರಿಯೋಣವೆಂಬ ಪಂಥವೂ ಇದೆ; ಅದನ್ನು ಹಗುರವಾಗಿ ಕಾಣುವಂತಿಲ್ಲ. ಅಂಚೆ ಪ್ರಶ್ನಾವಳಿಗಳ ಕುರಿತ 292 ಪ್ರಯೋಗಗಳನ್ನು ಒಟ್ಟುಗೂಡಿಸಿದ 2002ರ ವಿಮರ್ಶೆಯೊಂದು ದುಡ್ಡು, ಚಿಕ್ಕ ಪ್ರಶ್ನಾವಳಿ, ಮುಂಚಿತ ಸೂಚನೆ ಎಲ್ಲವೂ ಉತ್ತರ ಹೆಚ್ಚಿಸುತ್ತವೆ ಎಂದಿತು; ಬಣ್ಣದ ಶಾಯಿ ಕೂಡ! ಆದರೆ ಬಣ್ಣದ ಶಾಯಿಗೆ ಮನಸೋಲಲು ಕಾಗದ ನೋಡುವಷ್ಟು ಹೊತ್ತಾದರೂ ಬೇಕು. ವಾಟ್ಸ್‌ಆಪ್ ಪಂಥದವರು ಇನ್ನೂ ಮುಂದೆ ಹೋಗಿ, ಲಿಂಕನ್ನು ಗುಂಪಿಗೆ ಹಾಕಿ ‘ದಯವಿಟ್ಟು ನಿಮ್ಮ ಇತರ ಗುಂಪುಗಳಿಗೂ ಹಂಚಿ’ ಎನ್ನುತ್ತಾರೆ. ನಮ್ಮ ಕಟುವಾದ ವಿರೋಧ ಇವರಿಗೇ. ಅನುಪಲಬ್ಧಿಗೆ ಶಾಸ್ತ್ರ ಒಂದು ಷರತ್ತು ಹಾಕಿದೆ: ವಸ್ತು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎನ್ನುವ ಕಡೆ ಮಾತ್ರ ಅದು ಪ್ರಮಾಣ, ಕತ್ತಲಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಏನೂ ಸಿದ್ಧಿಸದು. ಆಹ್ವಾನ ಎಷ್ಟು ಜನಕ್ಕೆ ತಲುಪಿತೆಂದೇ ತಿಳಿಯದಿದ್ದರೆ ಉತ್ತರಿಸಿದವರು ನೂರಕ್ಕೆ ಎಷ್ಟು ಎಂದು ಹೇಳುವಂತಿಲ್ಲ, ಉತ್ತರಿಸದವರನ್ನು ಎಣಿಸುವಂತೆಯೂ ಇಲ್ಲ. ಮೌನವೆಂಬ ಅಪ್ಪಟ ದತ್ತಾಂಶ ಅಲ್ಲಿ ಮಣ್ಣುಪಾಲು.

ಹಾಗಾದರೆ ಆಹ್ವಾನಿಸುವುದನ್ನೇ ಬಿಡಬೇಕೇ? ಸಿದ್ಧಾಂತಿ ಅಷ್ಟು ಕಟುಕನಲ್ಲ. ಸಾವಿನಂಚಿನ ರೋಗಿಯ ಮನೆಯವರೊಡನೆ ಮಾತಾಡುವುದು ಎಷ್ಟು ಭಾರ, ಯಾವ ಸಂಶೋಧನೆ ಮೊದಲು ನಡೆಯಬೇಕು ಎಂಬಂಥ ಅಭಿಪ್ರಾಯಗಳನ್ನು ಕೇಳಿಯೇ ತಿಳಿಯಬೇಕು. ಗಾಳಿಯ ಅಳತೆಯನ್ನಾದರೆ ವೆಂಟಿಲೇಟರನ್ನೇ ಕೇಳಬಹುದು. ಕೇಳುವವರು ವೈದ್ಯರ ಇಮೇಲ್ ಪಟ್ಟಿಯನ್ನೇ ‘ಸಿಬ್ಬಂದಿ’ ಎಂದು ಕರೆಯುವುದನ್ನು ಬಿಟ್ಟು ನರ್ಸ್, ಫಿಸಿಯೋಥೆರಪಿಸ್ಟ್, ತಂತ್ರಜ್ಞರನ್ನೂ ಲೆಕ್ಕಕ್ಕೆ ತರಲಿ. ಎಷ್ಟು ಜನಕ್ಕೆ ಕಳುಹಿಸಿದೆವೆಂದು ಬರೆದಿಡಲಿ. ಬಂದ ಫಲಿತಾಂಶವನ್ನು ಉತ್ತರ ಕೊಟ್ಟವರಿಗೂ ತಿಳಿಸಲಿ. ಎಲ್ಲಕ್ಕಿಂತ ಮೊದಲು, ಆ ‘ಬರೀ ಹತ್ತು ನಿಮಿಷ’ವನ್ನು ಆಸ್ಪತ್ರೆ ಡ್ಯೂಟಿ ಪಟ್ಟಿಯಲ್ಲೇ ಸೇರಿಸಿ, ಅಷ್ಟು ಹೊತ್ತು ಹಾಸಿಗೆ ನೋಡಿಕೊಳ್ಳಲು ಇನ್ನೊಬ್ಬರನ್ನು ನಿಲ್ಲಿಸಲಿ. ಇದಕ್ಕೆ ಯಾವ ಆಡಳಿತ ಮಂಡಳಿಯೂ ಒಪ್ಪದೆಂದು ನಮಗೆ ಗೊತ್ತು. ಆದ್ದರಿಂದಲೇ ಸಿದ್ಧಾಂತ ಸುಭದ್ರವಾಗಿದೆ.

ಈ ಮೀಮಾಂಸೆಯನ್ನು ಒಪ್ಪದ ಐಸಿಯು ವೃತ್ತಿಪರರು ತಮ್ಮ ಖಂಡನೆಯನ್ನು ಎರಡು ವಾರದೊಳಗೆ ವಿಸ್ತಾರವಾಗಿ ಬರೆದು ಕಳುಹಿಸಬೇಕೆಂದು ವಿನಂತಿ. ಓದುವ ಮುನ್ನ, ಅದನ್ನು ಬರೆದ ರಾತ್ರಿಯ ಅವರ ಡ್ಯೂಟಿ ಪಟ್ಟಿಯನ್ನು ತರಿಸಿಕೊಳ್ಳಲಾಗುವುದು.